ಪಿಸಿಯಲ್ಲಿ ಎಲ್ಲವೂ ಸಾಧ್ಯವಿರುವಾಗ ಕೆಲವರು ಕನ್ಸೋಲನ್ನೇ ಏಕೆ ಆರಿಸಿಕೊಳ್ಳುತ್ತಾರೆ?

ಪ್ರಶ್ನೆ: ಹೊಂಗೆನೆರಳು

ನಾನು ಮೊದಲಿನಿಂದಲೂ ಪಿಸಿಯಲ್ಲಿಯೇ ಗೇಮ್ ಆಡುತ್ತ ಬಂದವನು. ಬಿಡಿಭಾಗಗಳನ್ನು ಆರಿಸಿ ಯಂತ್ರವನ್ನು ಜೋಡಿಸುವುದು, ಗ್ರಾಫಿಕ್ಸ್ ಸೆಟ್ಟಿಂಗ್‌ಗಳನ್ನು ಒಂದೊಂದಾಗಿ ಬದಲಿಸಿ ಪರಿಣಾಮವನ್ನು ಗಮನಿಸುವುದು, ಹಳೆಯ ಗೇಮಿಗೆ ಅಭಿಮಾನಿಗಳು ತಯಾರಿಸಿದ ಮಾಡ್‌ಗಳನ್ನು (ಮಾರ್ಪಾಡುಗಳನ್ನು) ಅಳವಡಿಸಿ ಅದನ್ನು ಮತ್ತೆ ಹೊಸದರಂತೆ ಆಡುವುದು, ಇವೆಲ್ಲವೂ ನನಗೆ ಆಟದಷ್ಟೇ ಪ್ರಿಯವಾದ ಕೆಲಸಗಳು. ಆದರೆ ನನ್ನ ಸ್ನೇಹಿತರಲ್ಲಿ ಹಲವರು, ಅದರಲ್ಲೂ ಕಂಪ್ಯೂಟರ್ ವಿಷಯದಲ್ಲಿ ನನಗಿಂತ ಹೆಚ್ಚು ಬಲ್ಲವರು, ಗೇಮ್ ಆಡುವುದಕ್ಕೆಂದು ಕನ್ಸೋಲನ್ನೇ, ಎಂದರೆ ಟಿವಿಗೆ ಜೋಡಿಸಿ ಆಡುವ, ಗೇಮ್‌ಗಳಿಗೆಂದೇ ಮಾಡಿದ ಯಂತ್ರವನ್ನೇ, ಇಟ್ಟುಕೊಂಡಿದ್ದಾರೆ. ಅವರಿಗೆ ಪಿಸಿ ಜೋಡಿಸಲು ಬರುವುದಿಲ್ಲ ಎಂದು ಹೇಳುವಂತಿಲ್ಲ.

ಯಂತ್ರದ ಒಳಗನ್ನು ನೋಡಿದರೆ ಈಗ ಎರಡಕ್ಕೂ ದೊಡ್ಡ ವ್ಯತ್ಯಾಸ ಉಳಿದಿಲ್ಲ. 2013ರಲ್ಲಿ ಬಂದ ಪ್ಲೇಸ್ಟೇಷನ್ 4 ಮತ್ತು ಎಕ್ಸ್‌ಬಾಕ್ಸ್ ಒನ್‌ಗಳಿಂದ ಹಿಡಿದು 2020ರ ಪ್ಲೇಸ್ಟೇಷನ್ 5 ಮತ್ತು ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್‌ವರೆಗೆ ಎಲ್ಲದರಲ್ಲೂ ಇರುವುದು ಪಿಸಿಗಳಲ್ಲಿ ಕಾಣುವಂಥದೇ ಎಎಂಡಿ ಪ್ರೊಸೆಸರ್ ಮತ್ತು ಗ್ರಾಫಿಕ್ಸ್. ಹಿಂದೆ ‘ಆ ಗೇಮ್ ಕನ್ಸೋಲಿನಲ್ಲಿ ಮಾತ್ರ ಸಿಗುತ್ತದೆ’ ಎಂಬ ಉತ್ತರವೊಂದಿತ್ತು. ಆದರೆ 2017ರಲ್ಲಿ ಪ್ಲೇಸ್ಟೇಷನ್ 4ಕ್ಕೆ ಬಂದ ‘ಹೊರೈಜನ್ ಝೀರೋ ಡಾನ್’ 2020ರಲ್ಲಿ ಪಿಸಿಗೂ ಬಂದಿತು. 2018ರ ‘ಗಾಡ್ ಆಫ್ ವಾರ್’ 2022ರ ಜನವರಿಯಲ್ಲಿ ಬಂದಿತು. ನಿಂಟೆಂಡೊ ಒಂದನ್ನು ಬಿಟ್ಟರೆ ಆ ಗೋಡೆ ಬಹುಮಟ್ಟಿಗೆ ತಗ್ಗಿದೆ.

ಹಾಗಿದ್ದರೂ ಕನ್ಸೋಲಿನ ಕಡೆಗಿನ ಒಲವು ಏಕೆ ಕಡಿಮೆಯಾಗಿಲ್ಲ? ಮೊದಲ ಖರೀದಿಯ ವೆಚ್ಚ ಕಡಿಮೆ ಎಂಬುದು ನನಗೆ ಗೊತ್ತಿರುವ ಕಾರಣ. ಅದರಾಚೆ ಏನಿದೆ ಎಂಬುದೇ ನನ್ನ ಪ್ರಶ್ನೆ. ಯಾವುದು ಮೇಲು ಎಂಬ ಜಗಳ ಹೂಡುವ ಉದ್ದೇಶ ನನಗಿಲ್ಲ. ಎರಡನ್ನೂ ಬಳಸಿದವರು ತಮ್ಮ ಕಾರಣಗಳನ್ನು ಬಿಡಿಸಿ ಹೇಳಿದರೆ ಉಪಕಾರವಾಗುತ್ತದೆ.

ಉತ್ತರ: ಕಲ್ಲುಹಾದಿ

ಹೊಂಗೆನೆರಳು ಅವರೇ, ನಾನು ಗೇಮ್‌ಗಳ ಗ್ರಾಫಿಕ್ಸ್ ಪ್ರೋಗ್ರಾಮಿಂಗ್ ಕೆಲಸದಲ್ಲಿರುವವನು. ಆದ್ದರಿಂದ ತಯಾರಿಸುವವರ ಕಡೆಯಿಂದ ಈ ವಿಷಯ ಹೇಗೆ ಕಾಣುತ್ತದೆ ಎಂಬುದನ್ನು ಹೇಳಬಲ್ಲೆ. ಒಳಗಿನ ಚಿಪ್‌ಗಳು ಒಂದೇ ಕುಲದವು ಎಂಬುದು ನಿಜ. ಆದರೆ ಪ್ಲೇಸ್ಟೇಷನ್ 5 ಎಂದರೆ ನಮ್ಮ ಪಾಲಿಗೆ ಒಂದು ಯಂತ್ರ. ಪಿಸಿ ಎಂದರೆ ಲೆಕ್ಕವಿಲ್ಲದಷ್ಟು ಬಗೆಯ ಯಂತ್ರಗಳಿಗೆ ಸೇರಿ ಇರುವ ಒಂದು ಹೆಸರು. ಕನ್ಸೋಲಿನಲ್ಲಿ ಆಡುವವರು ಮೆಚ್ಚುವ ಬಹಳಷ್ಟು ಗುಣಗಳು ಈ ಒಂದು ಸಂಗತಿಯಿಂದಲೇ ಹುಟ್ಟುತ್ತವೆ.

ಶೇಡರ್‌ಗಳ ಉದಾಹರಣೆಯನ್ನೇ ತೆಗೆದುಕೊಳ್ಳಿ. ಪರದೆಯ ಮೇಲೆ ಕಾಣುವ ಪ್ರತಿಯೊಂದು ಮೇಲ್ಮೈಯ ಬಣ್ಣ, ಹೊಳಪು, ನೆರಳುಗಳನ್ನು ಲೆಕ್ಕ ಹಾಕುವ ಸಣ್ಣ ಸಣ್ಣ ಪ್ರೋಗ್ರಾಮ್‌ಗಳೇ ಶೇಡರ್‌ಗಳು. ದೊಡ್ಡ ಗೇಮಿನಲ್ಲಿ ಇಂಥವು ಸಾವಿರಗಟ್ಟಲೆ ಇರುತ್ತವೆ. ಅವುಗಳನ್ನು ಕೊನೆಗೆ ಆಯಾ ಗ್ರಾಫಿಕ್ಸ್ ಚಿಪ್ಪಿಗೆ ಅರ್ಥವಾಗುವ ಸೂಚನೆಗಳಾಗಿ ಪರಿವರ್ತಿಸಲೇಬೇಕು. ಕನ್ಸೋಲಿನಲ್ಲಿ ಚಿಪ್ಪು ಯಾವುದೆಂದು ಮೊದಲೇ ತಿಳಿದಿರುವುದರಿಂದ ಈ ಪರಿವರ್ತನೆಯನ್ನು ನಮ್ಮಲ್ಲಿಯೇ ಮುಗಿಸಿ, ಸಿದ್ಧಪಡಿಸಿದ ರೂಪವನ್ನೇ ಗೇಮಿನ ಜೊತೆಗೆ ಕಳುಹಿಸುತ್ತೇವೆ. ಪಿಸಿಯಲ್ಲಿ ಆಡುವವರ ಬಳಿ ಯಾವ ಗ್ರಾಫಿಕ್ಸ್ ಕಾರ್ಡ್ ಇದೆ, ಅದನ್ನು ನಡೆಸುವ ಸಾಫ್ಟ್‌ವೇರಾದ ಡ್ರೈವರ್ ಯಾವ ಆವೃತ್ತಿಯದು ಎಂಬುದು ನಮಗೆ ತಿಳಿಯುವಂತಿಲ್ಲ. ಹಾಗಾಗಿ ಪರಿವರ್ತನೆ ಅವರ ಯಂತ್ರದಲ್ಲಿಯೇ ನಡೆಯಬೇಕಾಗುತ್ತದೆ. ಗೇಮನ್ನು ಮೊದಲ ಬಾರಿ ತೆರೆದಾಗ ‘ಶೇಡರ್‌ಗಳನ್ನು ಸಿದ್ಧಪಡಿಸಲಾಗುತ್ತಿದೆ’ ಎಂಬ ಪಟ್ಟಿ ನಿಧಾನವಾಗಿ ತುಂಬುವುದು ಇದೇ ಕಾರಣಕ್ಕೆ. ಅದನ್ನು ಮೊದಲೇ ಮಾಡದ ಗೇಮ್‌ಗಳಲ್ಲಿ, ಆಟಗಾರನು ಹೊಸ ಜಾಗಕ್ಕೆ ಕಾಲಿಟ್ಟಾಗ ಅಥವಾ ಹೊಸ ಆಯುಧವನ್ನು ಹಾರಿಸಿದಾಗ ಚಿತ್ರ ಅರೆಕ್ಷಣ ನಿಂತು ಮುಂದುವರಿಯುತ್ತದೆ. ಸೆಕೆಂಡಿಗೆ 60 ಫ್ರೇಮ್ (ಪರದೆಯ ಮೇಲೆ ಒಂದರ ಹಿಂದೊಂದು ಮೂಡುವ ಚಿತ್ರ) ಎಂದರೆ ಪ್ರತಿ ಫ್ರೇಮಿಗೆ ಸಿಗುವ ಕಾಲ ಸುಮಾರು 16.7 ಮಿಲಿಸೆಕೆಂಡ್. ಒಂದು ಶೇಡರ್ ಸಿದ್ಧವಾಗಲು ಅದಕ್ಕಿಂತ ಹೆಚ್ಚು ಕಾಲ ಹಿಡಿದರೆ ಆ ತಡವರಿಕೆ ಕಣ್ಣಿಗೆ ಕಂಡೇ ಕಾಣುತ್ತದೆ, ಮತ್ತು ಎಷ್ಟೇ ದುಬಾರಿಯಾದ ಕಾರ್ಡ್ ಇದ್ದರೂ ಅದು ಪೂರ್ತಿಯಾಗಿ ತಪ್ಪುವುದಿಲ್ಲ.

ಇದು ಚಿಪ್ಪಿನ ಗುಣವಲ್ಲ, ಯಂತ್ರ ನಿಶ್ಚಿತವಾಗಿರುವುದರ ಗುಣ ಎಂಬುದಕ್ಕೆ ಸ್ಟೀಮ್ ಡೆಕ್ ಒಳ್ಳೆಯ ಸಾಕ್ಷಿ. 2022ರಲ್ಲಿ ಬಂದ, ಕೈಯಲ್ಲಿ ಹಿಡಿದು ಆಡುವ ಆ ಸಾಧನ ನಿಜದಲ್ಲಿ ಒಂದು ಪಿಸಿಯೇ. ಆದರೂ ಎಲ್ಲ ಡೆಕ್‌ಗಳಲ್ಲಿ ಒಂದೇ ವರ್ಗದ ಗ್ರಾಫಿಕ್ಸ್ ಇರುವುದರಿಂದ ವಾಲ್ವ್ ಕಂಪನಿ ಅದಕ್ಕೆ ಸಿದ್ಧ ಶೇಡರ್‌ಗಳನ್ನು ಗೇಮಿನ ಜೊತೆಗೇ ಕಳುಹಿಸುತ್ತದೆ, ಮತ್ತು ಹಲವು ಗೇಮ್‌ಗಳು ಅದಕ್ಕಿಂತ ಎಷ್ಟೋ ಪಟ್ಟು ಶಕ್ತಿಯುತವಾದ ಡೆಸ್ಕ್‌ಟಾಪ್‌ಗಳಲ್ಲಿ ತಡವರಿಸುವ ಜಾಗದಲ್ಲಿ ಅದರಲ್ಲಿ ತಡವರಿಸುವುದಿಲ್ಲ.

ಮೆಮೊರಿಯ ವಿಷಯವೂ ಹೀಗೆಯೇ. ಪ್ಲೇಸ್ಟೇಷನ್ 5ರಲ್ಲಿರುವ 16 ಗಿಗಾಬೈಟ್ ಮೆಮೊರಿಯನ್ನು ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಎರಡೂ ಹಂಚಿಕೊಳ್ಳುತ್ತವೆ; ಹಾರ್ಡ್ ಡಿಸ್ಕಿಗಿಂತ ವೇಗದ ಸಂಗ್ರಹಣೆಯಾದ ಎಸ್‌ಎಸ್‌ಡಿಯ ವೇಗ ಸೆಕೆಂಡಿಗೆ 5.5 ಗಿಗಾಬೈಟ್ ಎಂದು ನಿಗದಿಯಾಗಿದೆ. ಇಷ್ಟು ವೇಗ ಪ್ರತಿಯೊಬ್ಬ ಆಟಗಾರನ ಬಳಿಯೂ ಇದ್ದೇ ಇರುತ್ತದೆ ಎಂಬ ಭರವಸೆ ಸಿಕ್ಕಾಗ ಗೇಮಿನ ಲೋಕವನ್ನು ಕಟ್ಟುವ ಕ್ರಮವೇ ಬದಲಾಗುತ್ತದೆ. ಪಿಸಿಗೆ ಬರೆಯುವಾಗ ಹಳೆಯ ಹಾರ್ಡ್ ಡಿಸ್ಕ್ ಇಟ್ಟುಕೊಂಡವರನ್ನೂ ಎಂಟು ಗಿಗಾಬೈಟ್ ಮೆಮೊರಿಯವರನ್ನೂ ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಒಂದು ಎಚ್ಚರಿಕೆಯ ಮಾತನ್ನೂ ಸೇರಿಸಬೇಕು. ನಿಶ್ಚಿತ ಯಂತ್ರ ಇದ್ದ ಮಾತ್ರಕ್ಕೆ ಗೇಮ್ ಚೆನ್ನಾಗಿಯೇ ಓಡುತ್ತದೆ ಎಂದೇನಿಲ್ಲ. 2015ರಲ್ಲಿ ‘ಬ್ಯಾಟ್‌ಮ್ಯಾನ್: ಆರ್ಕಮ್ ನೈಟ್’ ಗೇಮಿನ ಪಿಸಿ ಆವೃತ್ತಿಯನ್ನು ದೋಷಗಳ ಕಾರಣಕ್ಕೆ ಕೆಲವು ತಿಂಗಳ ಕಾಲ ಮಾರಾಟದಿಂದ ಹಿಂತೆಗೆಯಬೇಕಾಯಿತು; ಆದರೆ 2020ರ ಡಿಸೆಂಬರಿನಲ್ಲಿ ‘ಸೈಬರ್‌ಪಂಕ್ 2077’ ಬಂದಾಗ ನೆಲ ಕಚ್ಚಿದ್ದು ಪ್ಲೇಸ್ಟೇಷನ್ 4 ಮತ್ತು ಎಕ್ಸ್‌ಬಾಕ್ಸ್ ಒನ್ ಆವೃತ್ತಿಗಳು. ಸೋನಿ ಅದನ್ನು ತನ್ನ ಅಂಗಡಿಯಿಂದಲೇ ತೆಗೆದುಹಾಕಿ 2021ರ ಜೂನ್‌ನಲ್ಲಿ ಮರಳಿ ಸೇರಿಸಿತು. ಹಾಗಿದ್ದರೂ ಒಂದು ವ್ಯತ್ಯಾಸವಿದೆ. ಕನ್ಸೋಲಿನಲ್ಲಿ ಗೇಮ್ ಕೆಟ್ಟದಾಗಿ ಓಡಿದರೆ ಅದು ತಯಾರಕರ ತಪ್ಪು ಎಂಬುದರಲ್ಲಿ ಯಾರಿಗೂ ಸಂದೇಹ ಇರುವುದಿಲ್ಲ. ಪಿಸಿಯಲ್ಲಿ ಅದೇ ತೊಂದರೆ ಬಂದಾಗ ಡ್ರೈವರ್, ವಿಂಡೋಸ್, ಗೇಮಿನ ಮೇಲೆ ತೆರೆದುಕೊಳ್ಳುವ ಓವರ್‌ಲೇ, ಬಿಸಿಯಾದ ಪ್ರೊಸೆಸರ್, ಹೀಗೆ ಒಂದೊಂದನ್ನೇ ತಳ್ಳಿಹಾಕುತ್ತ ಹೋಗುವ ಹೊಣೆ ಆಡುವವನ ಮೇಲೆ ಬೀಳುತ್ತದೆ. ನಿಮ್ಮ ಬಲ್ಲ ಸ್ನೇಹಿತರು ಈ ಹೊಣೆಯನ್ನು ಹೊರಲಾರದವರಲ್ಲ. ಆಟದ ಹೊತ್ತಿನಲ್ಲಿ ಅದು ಬೇಡ ಎಂದು ತೀರ್ಮಾನಿಸಿದವರು ಇರಬೇಕು.

ಉತ್ತರ: ಸಂಜೆಬೆಳಕು

ಮೇಲಿನ ಉತ್ತರದ ಕೊನೆಯ ವಾಕ್ಯ ನನ್ನ ಮಟ್ಟಿಗೆ ಅಕ್ಷರಶಃ ಸತ್ಯ. ನನ್ನ ಉದ್ಯೋಗ ಪೂರ್ತಿಯಾಗಿ ಕಂಪ್ಯೂಟರಿನ ಮುಂದೆ ನಡೆಯುತ್ತದೆ. ದಿನವಿಡೀ ಕುಳಿತ ಅದೇ ಕುರ್ಚಿಯಲ್ಲಿ, ಅದೇ ಕೀಬೋರ್ಡಿನ ಮುಂದೆ, ಕೆಲಸದ ಸಂದೇಶಗಳು ಬಂದು ಬೀಳುವ ಅದೇ ಪರದೆಯ ಎದುರು ಸಂಜೆ ಆಡಲು ಕುಳಿತರೆ ಮನಸ್ಸು ಕೆಲಸದಿಂದ ಹೊರಗೆ ಬರುವುದೇ ಇಲ್ಲ. ಕನ್ಸೋಲು ಇರುವುದು ಬೇರೆ ಕೋಣೆಯಲ್ಲಿ, ಟಿವಿಯ ಕೆಳಗೆ. ಅದರಲ್ಲಿ ಇಮೇಲ್ ತೆರೆಯುವ ಆಸೆಯೂ ಹುಟ್ಟುವುದಿಲ್ಲ. ಅದು ಮಾಡಲಾರದ ಕೆಲಸಗಳ ಪಟ್ಟಿಯನ್ನು ಪಿಸಿಯ ಪ್ರಿಯರು ಕೊರತೆಯೆಂದು ಓದುತ್ತಾರೆ. ನಾನು ಅದನ್ನು ಕೊಳ್ಳಲು ಆ ಪಟ್ಟಿಯೇ ಮುಖ್ಯ ಕಾರಣ.

ಎರಡನೆಯದು ಸಮಯದ ಪ್ರಶ್ನೆ, ಮತ್ತು ಇದನ್ನು ಮಕ್ಕಳಿರುವ ಮನೆಯವರು ಚೆನ್ನಾಗಿ ಅರ್ಥ ಮಾಡಿಕೊಳ್ಳುತ್ತಾರೆ. ನನಗೆ ಬಿಡುವು ಸಿಗುವುದು ತುಂಡು ತುಂಡಾಗಿ, ಅದೂ ಮುನ್ಸೂಚನೆಯಿಲ್ಲದೆ. ಮಗು ಮಲಗಿದ ಮೇಲೆ ಅರ್ಧ ಗಂಟೆ ಸಿಕ್ಕಿತು ಎಂದುಕೊಳ್ಳಿ. ಕಂಟ್ರೋಲರಿನ ಒಂದು ಗುಂಡಿ ಒತ್ತಿದರೆ ಕನ್ಸೋಲು ಎಚ್ಚರಗೊಳ್ಳುತ್ತದೆ, ಜೊತೆಗೆ ಟಿವಿಯೂ ಹೊತ್ತಿಕೊಳ್ಳುತ್ತದೆ, ಮತ್ತು ನಾನು ನಿಲ್ಲಿಸಿದ್ದ ಗೇಮ್ ಅದೇ ಹೆಜ್ಜೆಯಲ್ಲಿ, ಅದೇ ಮೂಲೆಯಲ್ಲಿ ನಿಂತಿರುತ್ತದೆ. ನಡುವೆ ಮಗು ಅತ್ತರೆ ಯಂತ್ರವನ್ನು ನಿದ್ರೆಗೆ ಕಳುಹಿಸಿ ಎದ್ದುಹೋಗುತ್ತೇನೆ. ‘ಸೇವ್ ಮಾಡುವ ಜಾಗದವರೆಗೆ ತಾಳು’ ಎಂದು ಯಾರಿಗೂ ಹೇಳಬೇಕಾಗಿಲ್ಲ. ಎಕ್ಸ್‌ಬಾಕ್ಸ್ ಸೀರೀಸ್ ಯಂತ್ರಗಳಲ್ಲಿ ಕ್ವಿಕ್ ರೆಸ್ಯೂಮ್ ಎಂಬ ಸೌಲಭ್ಯವಿದೆ. ಅದು ಒಂದಕ್ಕಿಂತ ಹೆಚ್ಚು ಗೇಮ್‌ಗಳ ಸ್ಥಿತಿಯನ್ನು ಎಸ್‌ಎಸ್‌ಡಿಯಲ್ಲಿ ಬರೆದಿಟ್ಟುಕೊಳ್ಳುವುದರಿಂದ ವಿದ್ಯುತ್ ಸಂಪರ್ಕ ತೆಗೆದು ಮತ್ತೆ ಹಾಕಿದರೂ ಆಟ ನಿಂತಲ್ಲಿಂದಲೇ ಮುಂದುವರಿಯುತ್ತದೆ. ಸಿಸ್ಟಮ್ ಅಪ್‌ಡೇಟ್‌ಗಳೂ ಗೇಮ್‌ಗಳ ಪ್ಯಾಚ್‌ಗಳೂ ಯಂತ್ರ ನಿದ್ರೆಯಲ್ಲಿರುವಾಗಲೇ ಇಳಿದಿರುತ್ತವೆ.

ಪಿಸಿಯಲ್ಲಿ ಇದನ್ನೆಲ್ಲ ಮಾಡಲಾಗದು ಎಂದು ನಾನು ಹೇಳುವುದಿಲ್ಲ. ಆದರೆ ಅಲ್ಲಿ ಅರ್ಧ ಗಂಟೆಯ ಬಿಡುವಿನಲ್ಲಿ, ಗೇಮನ್ನು ತೆರೆಯುವ ಸಾಫ್ಟ್‌ವೇರಾದ ಲಾಂಚರ್ ತನ್ನನ್ನು ತಾನು ನವೀಕರಿಸಿಕೊಳ್ಳುವುದನ್ನು ನೋಡುತ್ತ ಹತ್ತು ನಿಮಿಷ ಕಳೆಯುವುದು ನನಗೆ ಸಹಿಸಲಾಗದ ಸಂಗತಿ. ವಿದ್ಯಾರ್ಥಿಯಾಗಿದ್ದಾಗ ಕಾಲ ಹೇರಳವಾಗಿತ್ತು, ಅಂಥ ಹತ್ತು ನಿಮಿಷಕ್ಕೆ ಬೆಲೆಯೇ ಇರಲಿಲ್ಲ.

ಒಟ್ಟಿಗೆ ಕುಳಿತು ಆಡುವ ಸುಖವನ್ನೂ ಮರೆಯಬಾರದು. ‘ಇಟ್ ಟೇಕ್ಸ್ ಟೂ’ದಂಥ, ಇಬ್ಬರೇ ಸೇರಿ ಆಡಬೇಕಾದ ಗೇಮ್ ಪಿಸಿಯಲ್ಲೂ ಸಿಗುತ್ತದೆ. ಆದರೆ ಒಂದು ಮೇಜಿನ ಮುಂದೆ ಎರಡು ಕುರ್ಚಿ ಎಳೆದುಕೊಂಡು ಸಣ್ಣ ಮಾನಿಟರನ್ನು ಹಂಚಿಕೊಳ್ಳುವುದಕ್ಕೂ ಸೋಫಾದ ಮೇಲೆ ಕುಳಿತು ದೊಡ್ಡ ಟಿವಿಯಲ್ಲಿ ಆಡುವುದಕ್ಕೂ ಹೋಲಿಕೆಯೇ ಇಲ್ಲ. ಗೇಮ್ ಆಡದ ಮನೆಯವರೂ ಪಕ್ಕದಲ್ಲಿ ಕುಳಿತು ಕಥೆಯನ್ನು ನೋಡುತ್ತಾರೆ, ದಾರಿ ತಪ್ಪಿದಾಗ ಹೇಳಿಕೊಡುತ್ತಾರೆ. ನಮ್ಮ ಮನೆಯಲ್ಲಿ ಗೇಮ್ ಒಬ್ಬರ ಹವ್ಯಾಸವಾಗಿ ಉಳಿಯದೆ ಎಲ್ಲರದೂ ಆದದ್ದು ಹೀಗೆ.

ಉತ್ತರ: ಬಿಡಿಭಾಗ

ಸಂಜೆಬೆಳಕು ಅವರ ಮಾತುಗಳನ್ನು ಗೌರವದಿಂದಲೇ ಓದಿದ್ದೇನೆ. ಕಲ್ಲುಹಾದಿ ಅವರ ತಾಂತ್ರಿಕ ವಿವರಣೆಯಲ್ಲಿ ತಪ್ಪು ಹುಡುಕುವಂಥದು ಏನೂ ಇಲ್ಲ. ಆದರೆ ಈ ಅನುಕೂಲಗಳಿಗೆ ತೆರಬೇಕಾದ ಬೆಲೆಯನ್ನು ಇಲ್ಲಿ ಯಾರೂ ಹೇಳದೆ ಹೋದರೆ ಚರ್ಚೆ ಒಂದೇ ಕಡೆಗೆ ವಾಲುತ್ತದೆ. ನಾನು ಪಿಸಿಯ ಪಕ್ಷದವನು ಎಂಬುದನ್ನು ಮುಚ್ಚಿಡುವುದಿಲ್ಲ.

ಕನ್ಸೋಲು ಅಗ್ಗವಾಗಿ ಕಾಣುವುದಕ್ಕೆ ಕಾರಣವಿದೆ. 2021ರಲ್ಲಿ ಗೇಮ್ ಕಂಪನಿ ಎಪಿಕ್ ಮತ್ತು ಆಪಲ್ ನಡುವಿನ ಮೊಕದ್ದಮೆಯ ವಿಚಾರಣೆಯಲ್ಲಿ ಮೈಕ್ರೋಸಾಫ್ಟಿನ ಅಧಿಕಾರಿಯೊಬ್ಬರು, ಎಕ್ಸ್‌ಬಾಕ್ಸ್ ಯಂತ್ರಗಳ ಮಾರಾಟದಿಂದ ಕಂಪನಿಗೆ ಲಾಭ ಬರುವುದಿಲ್ಲ ಎಂದು ನ್ಯಾಯಾಲಯದಲ್ಲಿಯೇ ಹೇಳಿದರು. ಹಾಗಾದರೆ ಲಾಭ ಬರುವುದು ಎಲ್ಲಿಂದ? ಅಂಗಡಿಯಲ್ಲಿ ಮಾರಾಟವಾಗುವ ಪ್ರತಿ ಗೇಮಿನ ಪಾಲಿನಿಂದ ಮತ್ತು ಚಂದಾದಿಂದ. ಪ್ಲೇಸ್ಟೇಷನ್ 4ರ ಕಾಲದಿಂದಲೂ, ಹಣ ಕೊಟ್ಟು ಕೊಂಡ ಬಹುತೇಕ ಗೇಮ್‌ಗಳನ್ನು ಆನ್‌ಲೈನ್‌ನಲ್ಲಿ ಇತರರೊಡನೆ ಆಡಬೇಕಾದರೆ ಪ್ಲೇಸ್ಟೇಷನ್ ಪ್ಲಸ್ ಚಂದಾ ಕಟ್ಟಬೇಕು. ಎಕ್ಸ್‌ಬಾಕ್ಸಿನಲ್ಲಿ ಈ ಪದ್ಧತಿ 2002ರಷ್ಟು ಹಳೆಯದು. 2018ರಲ್ಲಿ ನಿಂಟೆಂಡೊ ಕೂಡ ಅದೇ ಹಾದಿ ಹಿಡಿಯಿತು. ಇಂಟರ್ನೆಟ್ಟಿಗೆ ಒಮ್ಮೆ ಹಣ ಕೊಟ್ಟು, ಗೇಮಿಗೆ ಮತ್ತೊಮ್ಮೆ ಕೊಟ್ಟು, ಅವೆರಡನ್ನೂ ಕೂಡಿಸುವುದಕ್ಕೆ ಮೂರನೆಯ ಸಲ ಕೊಡುವುದು ಯಾವ ನ್ಯಾಯ? ಪಿಸಿಯಲ್ಲಿ ಸಾಮಾನ್ಯವಾಗಿ ಇಂಥ ಶುಲ್ಕವಿಲ್ಲ. ಐದಾರು ವರ್ಷಗಳ ಚಂದಾವನ್ನು ಕೂಡಿಸಿ ನೋಡಿದಾಗ ಮೊದಲ ದಿನದ ಉಳಿತಾಯದ ಬಹುಪಾಲು ಕರಗಿರುತ್ತದೆ.

ನನ್ನನ್ನು ಹೆಚ್ಚು ಕಾಡುವುದು ಮಾತ್ರ ಹಣದ ವಿಷಯವಲ್ಲ, ಹಳೆಯ ಗೇಮ್‌ಗಳ ಗತಿ. 2023ರ ಮಾರ್ಚಿನಲ್ಲಿ ನಿಂಟೆಂಡೊ 3ಡಿಎಸ್ ಮತ್ತು ವೀ ಯು ಯಂತ್ರಗಳ ಡಿಜಿಟಲ್ ಅಂಗಡಿಯಲ್ಲಿ ಖರೀದಿ ನಿಂತಿತು; 2024ರ ಜುಲೈಯಲ್ಲಿ ಎಕ್ಸ್‌ಬಾಕ್ಸ್ 360ರ ಅಂಗಡಿ ಮುಚ್ಚಿತು. ಡಿಸ್ಕಿನಲ್ಲಿ ಎಂದೂ ಬಾರದ, ಆ ಅಂಗಡಿಗಳಲ್ಲಿ ಮಾತ್ರ ಇದ್ದ ಗೇಮ್‌ಗಳನ್ನು ಇನ್ನು ಹೊಸಬರು ನೇರವಾಗಿ ಕೊಳ್ಳುವ ದಾರಿಯಿಲ್ಲ. ಪ್ಲೇಸ್ಟೇಷನ್ 3ರ ಡಿಸ್ಕ್‌ಗಳನ್ನು ಪ್ಲೇಸ್ಟೇಷನ್ 5 ಓದುವುದೇ ಇಲ್ಲ, ಏಕೆಂದರೆ ಆ ಹಳೆಯ ಯಂತ್ರದ ಸೆಲ್ ಪ್ರೊಸೆಸರ್ ಬೇರೆಯದೇ ರೀತಿಯದು. ಪಿಸಿಯಲ್ಲಿ ಮೂವತ್ತು ವರ್ಷಗಳ ಹಿಂದಿನ ಡಾಸ್ (ಹಳೆಯ ಆಪರೇಟಿಂಗ್ ಸಿಸ್ಟಮ್) ಕಾಲದ ಗೇಮ್‌ಗಳು ಡಾಸ್‌ಬಾಕ್ಸ್ ಎಂಬ ಸಾಫ್ಟ್‌ವೇರ್ ಮೂಲಕ ಇಂದಿಗೂ ಓಡುತ್ತವೆ, ಮತ್ತು 2008ರಲ್ಲಿ ಆರಂಭವಾದ ಗಾಗ್ ಎಂಬ ಅಂಗಡಿ ಯಾವ ಬೀಗವೂ ಇಲ್ಲದ ಪ್ರತಿಗಳನ್ನು ಮಾರುತ್ತದೆ; ಅವನ್ನು ಇಳಿಸಿ ಇಟ್ಟುಕೊಂಡರೆ ಮುಂದೆ ಯಾರ ಅನುಮತಿಯೂ ಬೇಕಿಲ್ಲ.

ಮಾಡ್‌ಗಳ ಬಗ್ಗೆ ಪ್ರಶ್ನೆ ಕೇಳಿದವರೇ ಹೇಳಿದ್ದಾರೆ. ನಾನು ಸೇರಿಸುವುದು ಇಷ್ಟು: ‘ಕೌಂಟರ್-ಸ್ಟ್ರೈಕ್’ ಹುಟ್ಟಿದ್ದು ‘ಹಾಫ್-ಲೈಫ್’ನ ಮಾಡ್ ಆಗಿ, ‘ಡೋಟಾ’ ಹುಟ್ಟಿದ್ದು ‘ವಾರ್‌ಕ್ರಾಫ್ಟ್ 3’ರ ಮಾಡ್ ಆಗಿ. ಆಟಗಾರರಿಗೆ ಒಳಗೆ ಕೈಯಾಡಿಸಲು ಬಿಟ್ಟ ವೇದಿಕೆಯಲ್ಲಿ ಮಾತ್ರ ಇಂಥದು ಸಾಧ್ಯ. ಮುಚ್ಚಿದ ಪೆಟ್ಟಿಗೆಯಲ್ಲಿ ಸುಖವಾಗಿ ಆಡುವವರು ಆಡುವ ಎಷ್ಟೋ ಗೇಮ್‌ಗಳ ಬೇರು ತೆರೆದ ಪೆಟ್ಟಿಗೆಯಲ್ಲಿದೆ ಎಂಬುದನ್ನು ನೆನಪಿಡಬೇಕು.

ಉತ್ತರ: ಎಡಗೈಆಟ

ಬಿಡಿಭಾಗ ಅವರು ಹಳೆಯ ಗೇಮ್‌ಗಳ ಬಗ್ಗೆ ಹೇಳಿದ್ದನ್ನು ಪೂರ್ತಿಯಾಗಿ ಒಪ್ಪುತ್ತೇನೆ. ಆದರೆ ಇಲ್ಲಿ ಇನ್ನೂ ಬಾರದ ಎರಡು ವಿಷಯಗಳಿವೆ.

ಮೊದಲನೆಯದು ಡಿಸ್ಕ್. ಪಿಸಿಯಲ್ಲಿ ಡಿಸ್ಕಿನ ಕಾಲ ಮುಗಿದು ಬಹಳ ವರ್ಷಗಳಾದವು. 2003ರಲ್ಲಿ ಸ್ಟೀಮ್ ಎಂಬ ಡಿಜಿಟಲ್ ಅಂಗಡಿ ಬಂದ ನಂತರ ಗೇಮ್ ಎಂಬುದು ಮೆಲ್ಲಮೆಲ್ಲನೆ ಖಾತೆಗೆ ಅಂಟಿದ ಪರವಾನಗಿಯಾಯಿತು. ಆಡಿ ಮುಗಿಸಿದ ಗೇಮನ್ನು ಪಿಸಿಯವರು ಮತ್ತೊಬ್ಬರಿಗೆ ಮಾರಲಾರರು. ಡಿಸ್ಕ್ ಡ್ರೈವ್ ಇರುವ ಕನ್ಸೋಲಿನಲ್ಲಿ ನಾನು ಕೊಂಡ ಗೇಮನ್ನು ಆಡಿ ಮುಗಿಸಿ ಮಾರುತ್ತೇನೆ, ಆ ಹಣಕ್ಕೆ ಮತ್ತೊಂದನ್ನು ತರುತ್ತೇನೆ, ಗೆಳೆಯರಿಗೆ ಎರವಲು ಕೊಡುತ್ತೇನೆ. ಚಂದಾದ ಲೆಕ್ಕ ಹಾಕುವಾಗ ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಇದು ಆಟಗಾರರಿಗೆ ಎಷ್ಟು ಮುಖ್ಯ ಎಂಬುದು 2013ರ ಜೂನ್‌ನಲ್ಲಿ ಜಗತ್ತಿಗೇ ತಿಳಿಯಿತು. ಎಕ್ಸ್‌ಬಾಕ್ಸ್ ಒನ್ ದಿನಕ್ಕೊಮ್ಮೆಯಾದರೂ ಇಂಟರ್ನೆಟ್ಟಿಗೆ ಸೇರಬೇಕು, ಬಳಸಿದ ಡಿಸ್ಕ್‌ಗಳ ಮರುಮಾರಾಟಕ್ಕೆ ನಿರ್ಬಂಧಗಳಿರುತ್ತವೆ ಎಂದು ಮೈಕ್ರೋಸಾಫ್ಟ್ ಪ್ರಕಟಿಸಿದಾಗ ಎದ್ದ ವಿರೋಧ ಎಷ್ಟು ತೀವ್ರವಾಗಿತ್ತೆಂದರೆ, ಯಂತ್ರ ಮಾರುಕಟ್ಟೆಗೆ ಬರುವ ಮೊದಲೇ ಕಂಪನಿ ಆ ನಿಯಮಗಳನ್ನು ಕೈಬಿಟ್ಟಿತು. ಡಿಸ್ಕ್ ಡ್ರೈವ್ ಇಲ್ಲದ ಮಾದರಿಗಳು ಈಗ ಹೆಚ್ಚುತ್ತಿರುವುದು ನನಗೆ ನಿಜವಾಗಿಯೂ ಚಿಂತೆಯ ವಿಷಯ; 2024ರ ಪ್ಲೇಸ್ಟೇಷನ್ 5 ಪ್ರೊದಲ್ಲಿ ಡ್ರೈವನ್ನು ಬೇರೆಯಾಗಿ ಕೊಂಡು ಜೋಡಿಸಬೇಕು. ಡಿಸ್ಕ್ ಪೂರ್ತಿ ಹೋದ ದಿನ ಕನ್ಸೋಲನ್ನು ಆರಿಸಲು ನನಗಿರುವ ಒಂದು ಬಲವಾದ ಕಾರಣವೂ ಹೋಗುತ್ತದೆ.

ಎರಡನೆಯದು ಎದುರಾಳಿಗಳೊಡನೆ ಆಡುವಾಗಿನ ಸಮಾನತೆ. ಕನ್ಸೋಲಿನಲ್ಲಿ ಎದುರಿರುವವನ ಕೈಯಲ್ಲೂ ನನ್ನಂಥದೇ ಕಂಟ್ರೋಲರ್ ಇರುತ್ತದೆ, ಅವನ ಯಂತ್ರವೂ ನನ್ನದರಷ್ಟೇ ವೇಗದ್ದು ಎಂಬ ನಂಬಿಕೆಯಿಂದ ಆಡಬಹುದು. ಪಿಸಿಯಲ್ಲಿ ಒಬ್ಬನ ಪರದೆ ಸೆಕೆಂಡಿಗೆ 60 ಬಾರಿ, ಇನ್ನೊಬ್ಬನದು 240 ಬಾರಿ ಹೊಸದಾಗುತ್ತಿರಬಹುದು. ಇದಕ್ಕಿಂತ ದೊಡ್ಡ ತೊಂದರೆ ಮೋಸದ ಸಾಫ್ಟ್‌ವೇರ್. ತೆರೆದ ವ್ಯವಸ್ಥೆಯಲ್ಲಿ ಗೇಮಿನ ಮೆಮೊರಿಯನ್ನು ಓದಿ ತಾನೇ ಗುರಿಯಿಡುವ ಪ್ರೋಗ್ರಾಮ್ ಬರೆಯುವುದು ಸಾಧ್ಯವಿರುವುದರಿಂದಲೇ ಇಂದು ಪಿಸಿಯ ಹಲವು ಸ್ಪರ್ಧಾತ್ಮಕ ಗೇಮ್‌ಗಳು ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್ ಮಟ್ಟದಲ್ಲಿ ಕುಳಿತು ಕಾವಲು ಕಾಯುವ ಸಾಫ್ಟ್‌ವೇರನ್ನು ಹಾಕಿಕೊಳ್ಳಲೇಬೇಕೆಂದು ಹೇಳುತ್ತವೆ. ನನ್ನ ಬ್ಯಾಂಕಿನ ವ್ಯವಹಾರವೂ ಇರುವ ಕಂಪ್ಯೂಟರಿನಲ್ಲಿ ಒಂದು ಗೇಮಿಗಾಗಿ ಅಷ್ಟು ಆಳದ ಅಧಿಕಾರವನ್ನು ಹೊರಗಿನವರಿಗೆ ಕೊಡಲು ನಾನು ಸಿದ್ಧನಿಲ್ಲ. ಕನ್ಸೋಲಿನಲ್ಲೂ ಮೋಸ ಇಲ್ಲದಿಲ್ಲ. ಕೀಬೋರ್ಡ್ ಮತ್ತು ಮೌಸನ್ನು ಕಂಟ್ರೋಲರಿನಂತೆ ತೋರಿಸುವ ಸಾಧನಗಳು ಮಾರಾಟಕ್ಕಿವೆ. ಆದರೂ ಅದರ ಪ್ರಮಾಣ ಕಡಿಮೆ. ಕ್ರಾಸ್‌ಪ್ಲೇ (ಬೇರೆಬೇರೆ ಯಂತ್ರದವರು ಒಟ್ಟಿಗೆ ಆಡುವ ಸೌಲಭ್ಯ) ಇರುವ ಹಲವು ಗೇಮ್‌ಗಳಲ್ಲಿ ಅದನ್ನು ನಿಲ್ಲಿಸಿ, ಕನ್ಸೋಲಿನವರೊಡನೆ ಮಾತ್ರ ಆಡುವ ಅವಕಾಶವೂ ಇದೆ.

ನನ್ನ ಬಲಗೈಯ ಬೆರಳುಗಳಲ್ಲಿ ಶಕ್ತಿ ಕಡಿಮೆ. ಕೀಬೋರ್ಡು ಮತ್ತು ಮೌಸು ಎರಡನ್ನೂ ಬೇಡುವ ಗೇಮ್‌ಗಳನ್ನು ಆಡಲು ನನಗಾಗದು. ಮೈಕ್ರೋಸಾಫ್ಟ್ 2018ರಲ್ಲಿ ತಂದ ಎಕ್ಸ್‌ಬಾಕ್ಸ್ ಅಡಾಪ್ಟಿವ್ ಕಂಟ್ರೋಲರಿಗೂ ಸೋನಿ 2023ರ ಕೊನೆಯಲ್ಲಿ ತಂದ ಆಕ್ಸೆಸ್ ಕಂಟ್ರೋಲರಿಗೂ ಅವರವರ ಅಗತ್ಯಕ್ಕೆ ತಕ್ಕ ಗುಂಡಿಗಳನ್ನು ಜೋಡಿಸಿಕೊಳ್ಳಬಹುದು. ಎಕ್ಸ್‌ಬಾಕ್ಸಿನದು ಪಿಸಿಗೂ ಹೊಂದುತ್ತದೆ, ಆದ್ದರಿಂದ ಇದು ಕನ್ಸೋಲಿಗೆ ಮಾತ್ರ ಮೀಸಲಾದ ಗುಣವೆಂದು ಹೇಳಲಾರೆ. ಆದರೆ ಕನ್ಸೋಲಿಗೆ ಬರುವ ಗೇಮ್‌ಗಳನ್ನು ಕಂಟ್ರೋಲರಿನಲ್ಲಿ ಆಡುವಂತೆ ರೂಪಿಸಿರುತ್ತಾರೆ, ಮತ್ತು ಗುಂಡಿಗಳ ಸ್ಥಾನವನ್ನು ಸಿಸ್ಟಮ್ ಮಟ್ಟದಲ್ಲಿಯೇ ಒಮ್ಮೆ ಬದಲಿಸಿಟ್ಟರೆ ಎಲ್ಲ ಗೇಮ್‌ಗಳಿಗೂ ಅದು ಅನ್ವಯಿಸುತ್ತದೆ. ನನ್ನಂಥವರಿಗೆ ಇದು ಸಣ್ಣ ಸಂಗತಿಯಲ್ಲ.

ಮರುಪ್ರಶ್ನೆ: ಹೊಂಗೆನೆರಳು

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞತೆಗಳು. ಎರಡು ಸಂದೇಹಗಳು ಉಳಿದಿವೆ, ಕಲ್ಲುಹಾದಿ ಅವರು ಉತ್ತರಿಸಬಹುದು. ಈಗಿನ ಕನ್ಸೋಲ್ ಗೇಮ್‌ಗಳಲ್ಲಿಯೂ ‘ಗುಣಮಟ್ಟ’ ಮತ್ತು ‘ವೇಗ’ ಎಂಬ ಎರಡು ಆಯ್ಕೆಗಳು ಇರುತ್ತವೆ. ಪ್ಲೇಸ್ಟೇಷನ್ 5 ಪ್ರೊ, ಎಕ್ಸ್‌ಬಾಕ್ಸ್ ಸೀರೀಸ್ ಎಸ್ ಎಂದು ಒಂದೇ ಪೀಳಿಗೆಯಲ್ಲಿ ಬೇರೆಬೇರೆ ಶಕ್ತಿಯ ಯಂತ್ರಗಳೂ ಬಂದಿವೆ. ಹಾಗಾದರೆ ನೀವು ಹೇಳಿದ ‘ಒಂದು ಯಂತ್ರ’ ಎಂಬ ಅನುಕೂಲ ಕರಗುತ್ತಿಲ್ಲವೇ? ಇನ್ನೊಂದು, ನನ್ನ ಪಿಸಿಯನ್ನೇ ಟಿವಿಗೆ ಜೋಡಿಸಿ ಕಂಟ್ರೋಲರ್ ಹಿಡಿದು ಕುಳಿತರೆ ಸಂಜೆಬೆಳಕು ಅವರು ವರ್ಣಿಸಿದ ಅನುಭವದ ಎಷ್ಟು ಭಾಗ ನನಗೆ ಸಿಕ್ಕೀತು?

ಉತ್ತರ: ಕಲ್ಲುಹಾದಿ

ಮೊದಲ ಸಂದೇಹದಲ್ಲಿ ಹುರುಳಿದೆ. ಎಕ್ಸ್‌ಬಾಕ್ಸ್ ಸೀರೀಸ್ ಎಸ್‌ನಲ್ಲಿ ಇರುವುದು 10 ಗಿಗಾಬೈಟ್ ಮೆಮೊರಿ, ಸೀರೀಸ್ ಎಕ್ಸ್‌ನಲ್ಲಿ 16. ಒಂದೇ ಗೇಮನ್ನು ಎರಡರಲ್ಲೂ ಹೊಂದಿಸುವುದು ತಯಾರಕರಿಗೆ ಸುಲಭದ ಕೆಲಸವಲ್ಲ. 2023ರಲ್ಲಿ ‘ಬಾಲ್ಡರ್ಸ್ ಗೇಟ್ 3’ ಎಕ್ಸ್‌ಬಾಕ್ಸಿಗೆ ತಡವಾಗಿ ಬರಲು ಮುಖ್ಯ ಕಾರಣ ಸೀರೀಸ್ ಎಸ್‌ನಲ್ಲಿ ಪರದೆಯನ್ನು ಇಬ್ಬರಿಗೆ ಹಂಚುವ ಸೌಲಭ್ಯವನ್ನು ಓಡಿಸಲಾಗದೆ ಹೋದದ್ದು. ಕೊನೆಗೆ ಆ ಸೌಲಭ್ಯವನ್ನು ಆ ಯಂತ್ರದಲ್ಲಿ ಬಿಟ್ಟೇ ಗೇಮನ್ನು ತಂದರು. ಆದರೂ ನಾವು ಎಣಿಸುತ್ತಿರುವುದು ಬೆರಳೆಣಿಕೆಯ ಯಂತ್ರಗಳನ್ನು. ಪ್ರತಿ ಯಂತ್ರಕ್ಕೆ ಎರಡು ಮೂರು ಆಯ್ಕೆ ಎಂದರೂ ಎಲ್ಲವನ್ನೂ ಮೇಜಿನ ಮೇಲಿಟ್ಟು ಒಂದೊಂದಾಗಿ ಪರೀಕ್ಷಿಸಬಹುದು. ಆಟಗಾರನು ಯಾವುದನ್ನು ಒತ್ತಿದರೂ ಅದನ್ನು ಯಾರೋ ಮೊದಲೇ ಆಡಿ ನೋಡಿರುತ್ತಾರೆ. ಪಿಸಿಯ ಮೂವತ್ತು ಸೆಟ್ಟಿಂಗ್‌ಗಳಿಂದ ಹುಟ್ಟುವ ಸಂಯೋಜನೆಗಳನ್ನು ಯಾವ ತಂಡವೂ ಪರೀಕ್ಷಿಸಿ ಮುಗಿಸಲಾರದು. ಹಾಗಾಗಿ ಆ ಅನುಕೂಲ ಸ್ವಲ್ಪ ತೆಳುವಾಗಿದೆ, ಇಲ್ಲವಾಗಿಲ್ಲ.

ಎರಡನೆಯದಕ್ಕೆ ಉತ್ತರ ನೀವು ಯಾವ ಗೇಮ್‌ಗಳನ್ನು ಆಡುತ್ತೀರಿ ಎಂಬುದರ ಮೇಲೆ ನಿಂತಿದೆ. ಸ್ಟೀಮಿನ ಬಿಗ್ ಪಿಕ್ಚರ್ ಮೋಡ್ ಕಂಟ್ರೋಲರಿನಿಂದಲೇ ಎಲ್ಲವನ್ನೂ ಆರಿಸುವಂತೆ ರೂಪಿಸಿದ್ದು, ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಸೋಫಾದ ಮೇಲೆ ಕುಳಿತು ಒಬ್ಬರೇ ಆಡುವ ಗೇಮ್‌ಗಳ ಅನುಭವ ಬಹಳಷ್ಟು ಹತ್ತಿರ ಬರುತ್ತದೆ. ತೊಡಕು ಬರುವುದು ನಿದ್ರೆ ಮತ್ತು ಎಚ್ಚರದ ವಿಷಯದಲ್ಲಿ. ವಿಂಡೋಸ್ ಇರುವ ಯಂತ್ರವನ್ನು ಗೇಮ್ ತೆರೆದಿರುವಾಗಲೇ ನಿದ್ರೆಗೆ ಕಳುಹಿಸಿದರೆ, ಎದ್ದ ಮೇಲೆ ಕೆಲವು ಗೇಮ್‌ಗಳು ಸರಿಯಾಗಿ ಮುಂದುವರಿಯುತ್ತವೆ, ಕೆಲವು ಶಬ್ದ ಕಳೆದುಕೊಳ್ಳುತ್ತವೆ, ಕೆಲವು ಮುಚ್ಚಿಯೇ ಹೋಗುತ್ತವೆ. ಯಾವುದು ಏನು ಮಾಡುತ್ತದೆ ಎಂಬ ಖಾತರಿ ಇಲ್ಲ. ನಡುವೆ ಯಾವುದೋ ಲಾಂಚರಿನ ಕಿಟಕಿ ಮೌಸನ್ನು ಬೇಡುತ್ತ ಪರದೆಯ ಮೇಲೆ ನಿಂತುಬಿಟ್ಟರೆ ಎದ್ದುಹೋಗಲೇಬೇಕು. ಸ್ಟೀಮ್ ಡೆಕ್‌ನಲ್ಲಿ ಬರುವ ಸ್ಟೀಮ್‌ಓಎಸ್ ಎಂಬ ಆಪರೇಟಿಂಗ್ ಸಿಸ್ಟಮ್ ಈ ನಿದ್ರೆಯ ವಿಷಯವನ್ನು ಬಹುಮಟ್ಟಿಗೆ ಬಗೆಹರಿಸಿದೆ. ಆದರೆ ಅದು ಲಿನಕ್ಸ್ ಆಧಾರಿತವಾದದ್ದರಿಂದ, ಎಡಗೈಆಟ ಅವರು ಹೇಳಿದ ಕಾವಲು ಸಾಫ್ಟ್‌ವೇರ್‌ಗಳ ಕಾರಣಕ್ಕೆ ‘ಫೋರ್ಟ್‌ನೈಟ್’, ‘ವ್ಯಾಲೊರಂಟ್’ ಮೊದಲಾದವು ಅದರಲ್ಲಿ ಓಡುವುದಿಲ್ಲ.

ಹೊಸದೇನನ್ನೂ ಕೊಳ್ಳುವ ಮೊದಲು, ನಿಮ್ಮಲ್ಲಿರುವ ಪಿಸಿಗೆ ಉದ್ದನೆಯ ಎಚ್‌ಡಿಎಂಐ ಕೇಬಲ್ ಹಾಕಿ, ನೀವು ಈಗ ಆಡುತ್ತಿರುವ ಗೇಮನ್ನೇ ಕೆಲವು ಸಂಜೆ ಟಿವಿಯಲ್ಲಿ ಆಡಿ ನೋಡಿ. ಎದ್ದು ಮೌಸ್ ಹಿಡಿಯಬೇಕಾದ ಪ್ರಸಂಗ ಬಂದಾಗ ಅದನ್ನು ಸರಿಪಡಿಸುವುದರಲ್ಲಿ ನಿಮಗೆ ಖುಷಿ ಸಿಕ್ಕಿದರೆ ಪಿಸಿಯಲ್ಲಿಯೇ ಮುಂದುವರಿಯಿರಿ. ಆಟ ಕೆಟ್ಟಿತೆಂದು ಬೇಸರವಾದರೆ, ಡಿಸ್ಕ್ ಡ್ರೈವ್ ಇರುವ ಕನ್ಸೋಲ್ ಮಾದರಿಯನ್ನು ನೋಡಿ.